ದೊಡ್ಡದು ಹಾಕು

ಫೆಬ್ರುವರಿ 9

ಪ್ರೀತಿಯ ಮಾವ,

ನಾನು ನಟ್ಟಿ. ನಾಲ್ಕನೇ ವಯಸ್ಸಿನಲ್ಲಿ ನಿಮ್ಮ ಬೆಂಚಿನ ಮೇಲಿದ್ದ ನಟ್ಟು ನುಂಗಿ ಈ ಹೆಸರು ಸಂಪಾದಿಸಿಕೊಂಡ ನಿಮ್ಮ ಅಕ್ಕನ ಮಗಳು. ಈಗ ಮೂವತ್ತೆರಡು ತುಂಬಿದೆ. ನಟ್ಟು ಮಾರನೇ ದಿನವೇ ಹೊರಗೆ ಬಂತು, ಹೆಸರು ಮಾತ್ರ ಹಾಗೇ ಉಳಿದುಕೊಂಡಿದೆ.

ಹನ್ನೆರಡು ವರ್ಷ ಒಂದು ಸಾಲೂ ಬರೆಯದವಳು ಈಗ ಬರೆಯುತ್ತಿದ್ದಾಳೆಂದರೆ ಏನೋ ಕೆಲಸ ಇರಬೇಕು ಅಂತ ನೀವು ಅಂದುಕೊಂಡರೆ ಅದು ಸರಿಯೇ. ಫೋನ್ ಮಾಡಬಹುದಿತ್ತು. ಅಮ್ಮ ಹೇಳಿದಳು: "ಗೇರು ಕೊರೆಯೋ ಮಷೀನಿನ ಪಕ್ಕ ಇಪ್ಪತ್ತು ವರ್ಷ ನಿಂತವನ ಕಿವಿ ಅದು. ಫೋನಲ್ಲಿ ನೀನು ಒಂದು ಹೇಳಿದರೆ ಅವನು ಇನ್ನೊಂದು ಕೇಳಿಸ್ಕೊಳ್ತಾನೆ. ಕಾಗದ ಬರಿ." ಹಾಗಾಗಿ ಇದು.

ಅಪ್ಪನ ಡ್ರೈವಿಂಗ್ ಸ್ಕೂಲನ್ನು ಈಗ ನಾನೇ ನೋಡಿಕೊಳ್ಳುತ್ತೇನೆ. ಅಪ್ಪ ರಸ್ತೆ ಚಿಹ್ನೆಗಳ ಪಾಠ ಮಾಡುತ್ತಾರೆ, ನಾನು ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ನನ್ನ ಕಾಲಿನ ಬಳಿಯ ಬ್ರೇಕು ಒತ್ತುತ್ತೇನೆ. ಬೆಳಗಿನಿಂದ ಸಂಜೆಯವರೆಗೆ ಗಂಟೆಗೆ ಇಪ್ಪತ್ತು ಕಿಲೋಮೀಟರ್. ಹೀಗೆ ಒಂಬತ್ತು ವರ್ಷ ಕೂತವಳಿಗೆ ಒಂದೇ ಒಂದು ಸಲ ಜೋರಾಗಿ ಹೋಗಬೇಕು ಅನ್ನಿಸಿದರೆ ತಪ್ಪೇ?

ಊರಾಚೆಯ ಹಳೇ ರನ್‌ವೇ ಮೇಲೆ ಮೇ ತಿಂಗಳ ಕೊನೆಯ ಭಾನುವಾರ ಕಾರುಗಳ ಓಟವಿದೆ. ನಿಂತಲ್ಲಿಂದ ಹೊರಟು ನಾನೂರು ಮೀಟರ್. ಇದೇ ಕೊನೆಯ ಸಲವಂತೆ, ಆಮೇಲೆ ಅಲ್ಲಿ ಗೋದಾಮು ಬರುತ್ತದೆ. ಷೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ಮಲಗಿರುವ ಅಪ್ಪನ ಎರಡು ಸೀಟಿನ ಕೆಂಪು ಕಾರು ನಿಮಗೆ ನೆನಪಿರಬೇಕು. ಅದನ್ನು ಕೊಡಿ ಅಂತ ಕೇಳಿದೆ. ಅಪ್ಪ ಹೇಳಿದರು: "ಓಡಿಸು, ಬೇಡ ಅನ್ನಲ್ಲ. ಆದರೆ ನಿನ್ನ ಮಾವನ ಕೈ ಆ ಕಾರಿಗೆ ಸೋಕಬಾರದು."

ಕೈ ಸೋಕಬಾರದು ಅಂದರು. ಕಾಗದ ಸೋಕಬಾರದು ಅನ್ನಲಿಲ್ಲ.

ನಿಮ್ಮಿಬ್ಬರ ಜಗಳ ಏನೆಂದು ನನಗೆ ಯಾರೂ ಸರಿಯಾಗಿ ಹೇಳಿಲ್ಲ. ಆಗ ನಾನು ಹಾಸ್ಟೆಲಿನಲ್ಲಿದ್ದೆ. ಅದೇ ರನ್‌ವೇ ಮೇಲೆ ಅಪ್ಪ ಸೋತರು, ನೀವು ಊರು ಬಿಟ್ಟಿರಿ ಎನ್ನುವುದಷ್ಟೇ ಗೊತ್ತು. ಮನೆಯಲ್ಲಿ ನಿಮ್ಮ ಮಾತು ಬಂದರೆ ಅಪ್ಪ ಎದ್ದು ಕಿಟಕಿಯ ಹತ್ತಿರ ಹೋಗುತ್ತಾರೆ. ತೆಗೆದಿದ್ದರೆ ಹಾಕುತ್ತಾರೆ, ಹಾಕಿದ್ದರೆ ತೆಗೆಯುತ್ತಾರೆ.

ಈಗ ಕೆಲಸದ ಮಾತು. ಎಂಜಿನ್ ಚೆನ್ನಾಗಿದೆ. ವೇಗ ಹಿಡಿದ ಮೇಲೆ ಕಾರನ್ನು ಹಿಡಿಯುವವರಿಲ್ಲ. ಆದರೆ ನಿಂತಲ್ಲಿಂದ ಏಳುವಾಗ ಸೋಮವಾರ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವವರ ಹಾಗೆ ಏಳುತ್ತದೆ. ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್‌ನ ಹಲ್ಲು ಬದಲಿಸು ಎಂದು ಎಲ್ಲರೂ ಹೇಳುತ್ತಾರೆ, ಯಾವುದಕ್ಕೆ ಎಂದರೆ ತಲೆಗೊಂದು ಮಾತು. ನಿಮ್ಮನ್ನು ಬಿಟ್ಟರೆ ಇದನ್ನು ಬಲ್ಲವರು ನನಗೆ ಗೊತ್ತಿಲ್ಲ. ಹೇಳಿಕೊಡುತ್ತೀರಾ?

ನಿಮ್ಮ
ನಟ್ಟಿ


ಫೆಬ್ರುವರಿ 20

ನಟ್ಟೀ,

ಕಾಗದ ತಲುಪಿತು. ಎರಡು ಸಲ ಓದಿದೆ, ಒಂದು ಸಲ ಕೈ ತೊಳೆಯದೆ, ಒಂದು ಸಲ ತೊಳೆದು.

ಇಲ್ಲಿ ನಾನು ಆರೋಗ್ಯವಾಗಿದ್ದೇನೆ, ಕಿವಿ ಎರಡು ಬಿಟ್ಟು. ಲಾರಿ ಬಸ್ಸುಗಳ ಆಕ್ಸಲ್ ಕೆಲಸ ಬೇಕಾದಷ್ಟಿದೆ. ಈ ಊರಲ್ಲೂ ನನ್ನನ್ನು ಹಲ್ಲಿನ ಡಾಕ್ಟರು ಅಂತಲೇ ಕರೆಯುತ್ತಾರೆ. ಮೊನ್ನೆ ಒಬ್ಬರು ಅಜ್ಜಿ ನಿಜವಾಗಿಯೂ ದವಡೆ ಹಿಡಿದುಕೊಂಡು ಬಂದುಬಿಟ್ಟರು. ಕೂರಿಸಿ, ನೀರು ಕೊಟ್ಟು, ಸರಿಯಾದ ಡಾಕ್ಟರ ಹತ್ತಿರ ಕಳಿಸಿದೆ. ಹೋಗುವಾಗ ನನ್ನ ಬೆಂಚಿನ ಮೇಲಿದ್ದ ಇಕ್ಕಳ ನೋಡಿ, "ಸದ್ಯ, ಉಳಕೊಂಡೆ" ಅಂದರು.

ನಿನ್ನಪ್ಪನ ಷರತ್ತು ಓದಿ ನಗು ಬಂತು. ಹಾಗೇ ಆಗಲಿ. ನನ್ನ ಕೈ ಸೋಕುವುದಿಲ್ಲ. ಎಲ್ಲವನ್ನೂ ನೀನೇ ಮಾಡಬೇಕು, ಉಗುರಿನ ಸಂದಿಯ ಗ್ರೀಸು ಒಂದು ವಾರ ಹೋಗುವುದಿಲ್ಲ, ಅಳಬಾರದು.

ಮೊದಲು ತಿಳಿದುಕೋ. ಎಂಜಿನ್ ಕಡೆಯಿಂದ ಬರುವ ಉದ್ದನೆಯ ಶಾಫ್ಟಿನ ತುದಿಯಲ್ಲಿ ಒಂದು ಪುಟ್ಟ ಹಲ್ಲುಚಕ್ರ ಇದೆ, ಅದು ಪಿನಿಯನ್. ಅದು ತಿರುಗಿಸುವ ಅಗಲವಾದ ಬಳೆಯಂಥದ್ದು ಕ್ರೌನ್. ಪಿನಿಯನ್ ಎಷ್ಟು ಸುತ್ತು ಹಾಕಿದರೆ ಕ್ರೌನ್ ಒಂದು ಸುತ್ತು ಬರುತ್ತದೆ ಅನ್ನುವುದೇ ಎಲ್ಲರೂ ಹೇಳುವ ಆ ರೇಷಿಯೋ. ಹೆಚ್ಚು ಸುತ್ತು ಹಾಕಿದರೆ ಎಳೆತ ಜಾಸ್ತಿ, ಕೊನೆಯ ವೇಗ ಕಡಿಮೆ. ಕಡಿಮೆ ಸುತ್ತು ಹಾಕಿದರೆ ಇದರ ತಿರುಗುಮುರುಗು. ಎರಡೂ ಬೇಕು ಅಂದರೆ ದೇವರೂ ಕೊಡುವುದಿಲ್ಲ.

ಈಗ ನಿನ್ನ ಕಾರಿನಲ್ಲಿ ಏನಿದೆ ಅಂತ ನನಗೆ ಗೊತ್ತು. ಆದರೂ ನೀನೇ ಎಣಿಸು. ಗೇರನ್ನು ನ್ಯೂಟ್ರಲ್ಲಿಗೆ ತಂದು, ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಹಿಂದಿನ ಒಂದೇ ಚಕ್ರ ಜಾಕಿನ ಮೇಲೆ ಎತ್ತು. ಆ ಚಕ್ರವನ್ನು ಪೂರ್ತಿ ಎರಡು ಸುತ್ತು ತಿರುಗಿಸು. ಅಷ್ಟರಲ್ಲಿ ಶಾಫ್ಟು ಎಷ್ಟು ಸುತ್ತು ಬಂತು ನೋಡು. ಒಂದಲ್ಲ, ಎರಡು ಸುತ್ತು. ಯಾಕೆಂದರೆ ಇನ್ನೊಂದು ಚಕ್ರ ನೆಲದ ಮೇಲೆ ಸುಮ್ಮನೆ ನಿಂತಿರುತ್ತದೆ, ಅದರ ಪಾಲನ್ನೂ ಇದೇ ತಿರುಗಬೇಕು. ಸಂಸಾರದಲ್ಲೂ ಹಾಗೇ.

ಆಮೇಲೆ ಹೋಗಿ ನಾನೂರು ಮೀಟರ್ ಓಡಿಸಿ ನೋಡು. ಗೆರೆ ದಾಟುವಾಗ ಎಷ್ಟು ವೇಗ, ಯಾವ ಗೇರು, ಎಷ್ಟು ಸೆಕೆಂಡು, ಬರೆದು ಕಳಿಸು. ಗೆರೆ ಎಲ್ಲಿದೆ ಅಂತ ತಿಳಿಯದೆ ಹಲ್ಲು ಆರಿಸುವವನು ಮೂರ್ಖ.

ಅಕ್ಕನಿಗೆ ನಾನು ಕೇಳಿದೆ ಅಂತ ಹೇಳು.

ಮಾವ


ಮಾರ್ಚ್ 4

ಪ್ರೀತಿಯ ಮಾವ,

ಎಣಿಸಿದೆ. ಮೂರೂವರೆಗಿಂತ ಒಂದು ಚೂರು ಹೆಚ್ಚು. ಪುಸ್ತಕದಲ್ಲಿ ನೋಡಿದರೆ 3.55 ಎಂದಿದೆ, ಕ್ರೌನಿಗೆ ಮೂವತ್ತೊಂಬತ್ತು ಹಲ್ಲು, ಪಿನಿಯನ್ನಿಗೆ ಹನ್ನೊಂದು. ಕಾರಿನ ಕೆಳಗೆ ಮಲಗಿ ನಾನು ಗಟ್ಟಿಯಾಗಿ ಎಣಿಸುತ್ತಿದ್ದಾಗ ಅಪ್ಪ ಬಂದರು. ನನ್ನ ಕಾಲುಗಳನ್ನು ನೋಡಿಕೊಂಡು ನಿಂತಿದ್ದು, "ಎರಡು ಸುತ್ತು ತಿರುಗಿಸಬೇಕು ಅಂತ ನಿಂಗೆ ಯಾರು ಹೇಳಿದ್ರು?" ಅಂದರು. ಪುಸ್ತಕ ಅಂದೆ. "ಒಳ್ಳೆ ಪುಸ್ತಕ" ಎಂದು ಹೊರಟುಹೋದರು.

ರನ್‌ವೇಗೆ ಅಮ್ಮನನ್ನು ಕರೆದುಕೊಂಡು ಹೋದೆ. ಅಮ್ಮ ಗೆರೆಯ ಹತ್ತಿರ ಮಡಿಸುವ ಕುರ್ಚಿ ಹಾಕಿಕೊಂಡು ಸ್ಟಾಪ್‌ವಾಚು ಹಿಡಿದಳು. ಮೊದಲ ಸಲ ನಾನು ದಾಟಿದ ಮೇಲೆ ಒತ್ತಲು ಮರೆತಳು. "ಚೆನ್ನಾಗಿ ಕಾಣಿಸ್ತಿದ್ದೆ, ನೋಡ್ತಾ ನಿಂತುಬಿಟ್ಟೆ" ಅಂದಳು. ಆಮೇಲಿನ ಮೂರು ಸಲ ಸರಿಯಾಗಿ ಸಿಕ್ಕಿತು: 18.4 ಸೆಕೆಂಡು, ಮೂರನೇ ಗೇರು, ಗೆರೆಯ ಮೇಲೆ ನೂರ ಹತ್ತೊಂಬತ್ತು ಕಿಲೋಮೀಟರ್ ವೇಗ.

ನಿಮ್ಮ ಪಾಠ ಅರ್ಥವಾಯಿತು ಮಾವ. ಶುರುವಿನ ಎಳೆತ ಬೇಕಾದರೆ ಈಗಿರುವುದಕ್ಕಿಂತ ದೊಡ್ಡದು ಹಾಕಬೇಕು, ಅಲ್ಲವೇ? ಹಾಗಾದರೆ ಜಿಪುಣತನ ಯಾಕೆ, ಸಿಕ್ಕಿದ್ದರಲ್ಲೆಲ್ಲ ದೊಡ್ಡದನ್ನೇ ಹಾಕೋಣ. ನಿಮ್ಮ ಹತ್ತಿರ ಅತಿ ದೊಡ್ಡದು ಯಾವುದಿದೆ?

ನಿಮ್ಮ
ನಟ್ಟಿ


ಮಾರ್ಚ್ 13

ನಟ್ಟೀ,

ದೊಡ್ಡದು ಹಾಕಬೇಕೇ? ಈಗ ಅದರಲ್ಲಿ ಕೂತಿರುವುದೇ ದೊಡ್ಡದು. ಅದಕ್ಕೇ ಕಾರು ಏಳುತ್ತಿಲ್ಲ. ಸಣ್ಣದು ಹಾಕಬೇಕು ಅಂತ ತಿಳಿಯುವ ಹಾಗೆ ಅಷ್ಟು ಬಿಡಿಸಿ ಬರೆದರೂ ನೀನು ದೊಡ್ಡದು ಅನ್ನುತ್ತೀಯಲ್ಲ. ನೂಲಿನಂತೆ ಸೀರೆ.

ಸಿಟ್ಟು ಬಂತು, ಪೆನ್ನು ಕೆಳಗಿಟ್ಟು ಒಂದು ಬಸ್ಸಿನ ಆಕ್ಸಲ್ ಬಿಚ್ಚಿ ಬಂದೆ. ಈಗ ಇಳಿದಿದೆ. ಜಗಳ ಏನೆಂದು ಯಾರೂ ಹೇಳಿಲ್ಲ ಅಂತ ಬರೆದಿದ್ದೆ. ಕೇಳು.

ಆ ವರ್ಷ ಓಟಕ್ಕೆ ಎರಡು ದಿನ ಮುಂಚೆ ಕೆಂಪು ಕಾರಿನ ಪಿನಿಯನ್ ಹಲ್ಲು ಮುರಿಯಿತು. ನನ್ನ ಬೆಂಚಿನ ಮೇಲೆ ಎರಡು ಹೊಸ ಜೊತೆ ಇದ್ದವು: ಒಂದು ನೀನು ಎಣಿಸಿದ ಮೂವತ್ತೊಂಬತ್ತಕ್ಕೆ ಹನ್ನೊಂದು, ಇನ್ನೊಂದು ನಲವತ್ತೊಂದಕ್ಕೆ ಹತ್ತು. ಯಾವುದು ಅಂತ ತೀರ್ಮಾನ ಆಗಿರಲಿಲ್ಲ. ಭಾವ ರನ್‌ವೇ ನೋಡಿ ಬರುತ್ತೇನೆ ಅಂತ ಹೋದರು. ಅಲ್ಲಿಂದ ಒಬ್ಬರ ಕೈಯಲ್ಲಿ ಚೀಟಿ ಕಳಿಸಿದರು. ನನ್ನ ಕಿವಿಯ ದೆಸೆಯಿಂದ ನಮ್ಮ ವ್ಯವಹಾರವೆಲ್ಲ ಚೀಟಿಯಲ್ಲೇ. ಅದರಲ್ಲಿ ಎರಡೇ ಪದ ಇತ್ತು. ದೊಡ್ಡದು ಹಾಕು.

ನನಗೆ ಆಶ್ಚರ್ಯವಾಯಿತು. ಆದರೆ ಆಗ ಭಾವನ ಗೇರು ಹಾಕುವ ಕೈಯ ಭುಜ ನೋಯುತ್ತಿತ್ತು. ಗೇರು ಬದಲಿಸುವುದು ಕಡಿಮೆಯಾಗಲಿ ಅಂತ ಕೇಳಿದ್ದಾರೆ ಅಂದುಕೊಂಡೆ. ಓಡಿಸುವವರು ಅವರು. ಊಟವನ್ನೂ ಬಿಟ್ಟು ದೊಡ್ಡದನ್ನು ಹಾಕಿಕೊಟ್ಟೆ.

ಓಟದ ದಿನ ಎಲ್ಲರಿಗಿಂತ ಕೊನೆಯಲ್ಲಿ ಬಂದರು. ಇಳಿದವರೇ ನಲವತ್ತು ಜನರ ಮುಂದೆ, "ನನ್ನ ಹೆಂಡತಿ ತಮ್ಮನೇ ನನ್ನ ಕಾಲಿಗೆ ಕಲ್ಲು ಕಟ್ಟಿದ" ಅಂದರು. ನಾನು ದೂರ ನಿಂತಿದ್ದೆ. ಕಿವಿ ಕೇಳದವನು ತುಟಿ ನೋಡಿ ಓದುತ್ತಾನೆ ಅನ್ನುವುದು ಅವರಿಗೆ ಮರೆತುಹೋಗಿತ್ತು.

ತಾವೇ ಕೇಳಿ, ತಾವೇ ಹಾಕಿಸಿಕೊಂಡು, ಆಮೇಲೆ ನನ್ನ ಮೇಲೆ ಹೊರಿಸಿದರು. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಅದನ್ನು ಇಟ್ಟುಕೊಂಡಿದ್ದೇನೆ ಅಂತ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಇದೆ.

ಮಾವ


ಮಾರ್ಚ್ 20

ಮಾವ,

ಒಂದೇ ಪ್ರಶ್ನೆ. ದಯವಿಟ್ಟು ಕೂತುಕೊಂಡು ಓದಿ.

ನಿಮ್ಮ ಬೆಂಚಿನ ಮೇಲೆ ಆ ಎರಡು ಜೊತೆ ಇದ್ದಾಗ, "ದೊಡ್ಡದು" ಅಂದರೆ ನೀವು ಯಾವುದನ್ನು ನೋಡಿದಿರಿ?

ಯಾಕೆ ಕೇಳುತ್ತೇನೆಂದರೆ, ನಾನು ಹೋದ ಕಾಗದದಲ್ಲಿ ದೊಡ್ಡದು ಎಂದು ಬರೆದದ್ದು ಅಂಕಿಯನ್ನು. 3.55ಕ್ಕಿಂತ 4.1 ದೊಡ್ಡದು. ನಾನು ಹಾಗೆ ಹೇಳಲು ಕಲಿತದ್ದು ಅಪ್ಪನಿಂದ, ಅಪ್ಪ ಪುಸ್ತಕದಿಂದ. ನಿನ್ನೆ ಸಂಜೆ ಅಪ್ಪ ಚಿಹ್ನೆಗಳ ಬೋರ್ಡು ಒರೆಸುತ್ತಿದ್ದರು. ಸುಮ್ಮನೆ ಕೇಳಿದೆ, "ಅಪ್ಪಾ, ಮೂರೂವರೆ ದೊಡ್ಡದೋ ನಾಲ್ಕು ದೊಡ್ಡದೋ?" ಅಪ್ಪ ಅಂದರು, "ಇದೇನೇ, ಎರಡನೇ ಕ್ಲಾಸಿನ ಮಕ್ಕಳಿಗೆ ಕೇಳೋ ಪ್ರಶ್ನೆ ನಂಗೆ ಕೇಳ್ತೀಯ. ನಾಲ್ಕು."

ಮಾವ, ಅಪ್ಪ ಕೇಳಿದ್ದು ನಲವತ್ತೊಂದಕ್ಕೆ ಹತ್ತು.

ನಟ್ಟಿ


ಮಾರ್ಚ್ 28

ನಟ್ಟೀ,

ನಿನ್ನ ಕಾಗದ ಬಂದ ದಿನ ಬೇಗ ಅಂಗಡಿ ಮುಚ್ಚಿದೆ. ಕಪಾಟಿನಿಂದ ಹನ್ನೊಂದು ಹಲ್ಲಿನ ಪಿನಿಯನ್ ಒಂದು, ಹತ್ತು ಹಲ್ಲಿನದು ಒಂದು ತೆಗೆದು ಎರಡು ಅಂಗೈಯಲ್ಲಿ ಇಟ್ಟುಕೊಂಡು ಕೂತೆ. ಹನ್ನೊಂದರದು ದೊಡ್ಡದು. ಕುರುಡನೂ ಹೇಳುತ್ತಾನೆ. ತೂಕದಲ್ಲೂ ದೊಡ್ಡದು. ಮೂವತ್ತು ವರ್ಷದಿಂದ ನನಗೆ ದೊಡ್ಡದು ಅಂದರೆ ಕೈಗೆ ದೊಡ್ಡದಾಗಿ ಸಿಗುವುದು. ಕ್ರೌನಿನ ಹಲ್ಲನ್ನು ಅದರಿಂದ ಭಾಗಿಸಿ ನೋಡಿದರೆ ಅಂಕಿ ಸಣ್ಣದಾಗುತ್ತದೆ ಅನ್ನುವುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಆ ಚೀಟಿ ಓದುವಾಗ ಹೊಳೆಯಲಿಲ್ಲ. ಅದುವರೆಗೆ ಭಾವನೂ ನಾನೂ ಬೆಂಚಿನ ಆಚೆ ಈಚೆ ನಿಂತು, ಇದು, ಅದು ಅಂತ ಬೆರಳು ತೋರಿಸಿ ಮಾತಾಡಿಕೊಳ್ಳುತ್ತಿದ್ದೆವು. ಹೆಸರಿಟ್ಟು ಹೇಳುವ ಸಂದರ್ಭವೇ ಬಂದಿರಲಿಲ್ಲ.

ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಅನ್ನುತ್ತಾರೆ. ನಾವಿಬ್ಬರೂ ಏರಿಗೇ ಎಳೆಯುತ್ತಿದ್ದೆವು. ಏರಿ ಯಾವ ಕಡೆ ಅನ್ನುವುದರಲ್ಲಿ ಎಡವಟ್ಟಾಯಿತು.

ನಿನ್ನಪ್ಪನಿಗೆ ಇದನ್ನು ಹೇಳಬೇಡ. ಹನ್ನೆರಡು ವರ್ಷ ಹಲ್ಲು ಮಸೆದದ್ದು ಒಂದು ಪದಕ್ಕಾಗಿ ಅಂತ ಗೊತ್ತಾದರೆ ಇಬ್ಬರೂ ನಗೆಪಾಟಲಾಗುತ್ತೇವೆ. ಈಗ ಇರುವಂತೆ ಇರಲಿ. ನನಗೆ ತಿಳಿಯಿತಲ್ಲ, ಸಾಕು. ನಿಜ ಹೇಳಬೇಕೆಂದರೆ ಮೊನ್ನೆಯಿಂದ ನಿದ್ದೆ ಚೆನ್ನಾಗಿ ಬರುತ್ತಿದೆ.

ಈಗ ನಿನ್ನ ಹಲ್ಲು. ನಿನಗೆ ನಲವತ್ತೊಂದಕ್ಕೆ ಒಂಬತ್ತರ ಮೇಲೆ ಕಣ್ಣು ಬಿದ್ದಿರುತ್ತದೆ, ಅಂಕಿ 4.56 ಅಲ್ಲವೇ, ನಿಮ್ಮ ಭಾಷೆಯಲ್ಲಿ ಅತಿ ದೊಡ್ಡದು. ಬೇಡ. ಅದು ಹಾಕಿದರೆ ಕಾರು ಒದ್ದುಕೊಂಡು ಹೊರಡುತ್ತದೆ, ನಿಜ. ಆದರೆ ಮೂರನೇ ಗೇರು ನೂರ ಹದಿನಾಲ್ಕಕ್ಕೇ ಕೈಚೆಲ್ಲುತ್ತದೆ. ಹಲ್ಲು ಬದಲಿಸಿದ ಮೇಲೆ ನೀನು ಗೆರೆ ದಾಟುವುದು ನೂರ ಇಪ್ಪತ್ತರ ಮೇಲೆ. ಅಂದರೆ ಗೆರೆ ಕಣ್ಣೆದುರಿಗಿರುವಾಗ ಕ್ಲಚ್ಚು ಒತ್ತಿ ನಾಲ್ಕಕ್ಕೆ ಹಾಕಬೇಕು. ಶುರುವಿನಲ್ಲಿ ಗಳಿಸಿದ್ದನ್ನೆಲ್ಲ ಅಲ್ಲಿ ಕಳೆದುಕೊಳ್ಳುತ್ತೀಯ. ಈಗಿರುವ 3.55ರಲ್ಲಿ ಮೂರನೇ ಗೇರು ನೂರ ನಲವತ್ತಾರರವರೆಗೆ ಹೋಗಬಲ್ಲದು, ಓಟವೇ ಅಷ್ಟಿಲ್ಲ. 4.1 ಹಾಕಿದರೆ ಮೂರನೇ ಗೇರು ನೂರ ಇಪ್ಪತ್ತೇಳಕ್ಕೆ ಮುಗಿಯುತ್ತದೆ. ನಿನ್ನ ಗೆರೆ ಅದಕ್ಕಿಂತ ಸ್ವಲ್ಪ ಮುಂಚೆ ಬರುತ್ತದೆ. ಇದೇ ಸರಿ.

ಪಾರ್ಸೆಲ್ ಕಳಿಸಿದ್ದೇನೆ. ಒಳಗಿರುವುದು ಅವತ್ತು ಬೆಂಚಿನ ಮೇಲೆ ಉಳಿದ ಜೊತೆಯೇ. ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿ ಬಟ್ಟೆ ಬದಲಿಸುತ್ತಿದ್ದೆ. ಯಾಕೆ ಅಂತ ಕೇಳಬೇಡ. ಜೋಡಿಸುವುದು ಹೇಗೆಂದು ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಚಿತ್ರ ಕೆಟ್ಟದಾಗಿದೆ, ಹೊಂದಿಸಿಕೋ.

ಮಾವ


ಏಪ್ರಿಲ್ 15

ಪ್ರೀತಿಯ ಮಾವ,

ಪಾರ್ಸೆಲ್ ತಲುಪಿ ಎರಡು ವಾರವಾಯಿತು. ನೀವು ಬರೆದ ಹಾಗೇ ಮಾಡಿದೆ. ಹಳೇ ಪಿನಿಯನ್ ಕಳಚಲು ಮೂರು ಸಂಜೆ ಹಿಡಿಯಿತು. ಕ್ರೌನ್ ಎಷ್ಟು ಭಾರ ಮಾವ, ಎದೆಗೆ ಅವಚಿಕೊಂಡು ಹೊತ್ತೆ, ಅಂಗಿಯ ಮೇಲೆ ಹಲ್ಲಿನ ಸಾಲು ಅಚ್ಚಾಗಿದೆ. ನನ್ನ ಹತ್ತಿರ ಕಲಿಯುವವರೊಬ್ಬರು ನನ್ನ ಕೈ ನೋಡಿ ಸ್ಟೀರಿಂಗ್ ಮುಟ್ಟಬೇಡಿ ಎಂದು ಅಂಗಲಾಚಿದರು.

ಹಲ್ಲುಗಳಿಗೆ ನೀಲಿ ಬಣ್ಣ ಹಚ್ಚಿ, ಕೈಯಿಂದ ತಿರುಗಿಸಿ, ಒಂದಕ್ಕೊಂದು ಎಲ್ಲಿ ಮುಟ್ಟಿವೆಯೋ ಆ ಗುರುತಿನ ಮೇಲೆ ಕಾಗದ ಒತ್ತಿ ತೆಗೆದಿದ್ದೇನೆ. ಆರು ಕಾಗದ ಇದರ ಜೊತೆಗಿವೆ. ನೋಡಿ ಹೇಳಿ.

ಒಂದು ಕೈಯಲ್ಲಿ ಕ್ರೌನ್ ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಕಾಗದ ಒತ್ತುವಾಗ ದೀಪ ಹಿಡಿಯಲು ಮೂರನೇ ಕೈ ಬೇಕಾಗುತ್ತದೆ ಎಂದು ನೀವು ಬರೆದಿರಲಿಲ್ಲ. ಹೇಗೋ ನಡೆಯಿತು. ನಾನು ಯಾರಿಗೂ ಏನೂ ಹೇಳಿಲ್ಲ.

ನಿಮ್ಮ
ನಟ್ಟಿ


ಏಪ್ರಿಲ್ 22

ನಟ್ಟೀ,

ಕಾಗದಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಗುರುತು ಹಲ್ಲಿನ ಮೇಲಂಚಿಗೆ ಬಿದ್ದಿದೆ. ಪಿನಿಯನ್ ಇನ್ನೂ ಸ್ವಲ್ಪ ಕ್ರೌನಿನ ಕಡೆಗೆ ಸರಿಯಬೇಕು. ಅದರ ಹಿಂದಿರುವ ತೆಳು ಬಿಲ್ಲೆಯ ಜೊತೆಗೆ ನಾನು ಕಳಿಸಿದ್ದರಲ್ಲಿ ಎಲ್ಲಕ್ಕಿಂತ ತೆಳುವಾದ ಇನ್ನೊಂದನ್ನು ಸೇರಿಸು. ಎರಡು ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸಡಿಲ ಇರಲೇಬೇಕು. ತೀರ ಬಿಗಿಯಾದರೆ ಕಾದು ಸಾಯುತ್ತವೆ, ತೀರ ಸಡಿಲವಾದರೆ ಬಡಿದಾಡಿಕೊಂಡು ಸಾಯುತ್ತವೆ. ಗುರುತು ಹಲ್ಲಿನ ನಡುಮಧ್ಯೆ ಬಿದ್ದ ದಿನ ಮುಚ್ಚಿ ಎಣ್ಣೆ ತುಂಬು. ಮೊದಲ ಸಲದ ಕೆಲಸಕ್ಕೆ ಇದು ತುಂಬಾ ಚೆನ್ನಾಗಿದೆ. ಇದನ್ನು ನಾನು ಸುಮ್ಮಸುಮ್ಮನೆ ಹೇಳುವುದಿಲ್ಲ.

ನಾಲ್ಕನೇ ಕಾಗದದ ಮೂಲೆಯಲ್ಲಿ ನೀಲಿ ಹೆಬ್ಬೆರಳ ಗುರುತೊಂದಿದೆ. ಅಡ್ಡಕ್ಕೆ ಒಂದು ಗೀರು ಇರುವ ಹೆಬ್ಬೆರಳು. ಅದು ನಿನ್ನದಲ್ಲ. ಆ ಗೀರು ಹೇಗಾಯಿತೆಂದು ನನಗೆ ಗೊತ್ತು, ರೇಡಿಯೇಟರ್ ಫ್ಯಾನಿಗೆ ಸಿಕ್ಕಿದಾಗ ನಾನೇ ಬಟ್ಟೆ ಸುತ್ತಿದ್ದೆ.

ಆ ಕಾಗದ ವಾಪಸ್ ಕಳಿಸುತ್ತಿಲ್ಲ.

ಮಾವ


ಮೇ 6

ತಮ್ಮಾ,

ನಿನ್ನ ಅಕ್ಕ ಬರೆಯುತ್ತಿದ್ದೇನೆ. ಸೊಸೆಗೆ ಆರಾರು ಪುಟ ಬರೆಯುತ್ತೀಯ, ನನಗೆ "ಕೇಳಿದೆ ಅಂತ ಹೇಳು" ಅಷ್ಟೇ. ಇರಲಿ.

ಅವರಿಗೆ ಹೇಳಬೇಡ ಅಂತ ನಟ್ಟಿಗೆ ಆಣೆ ಹಾಕಿದ್ದೀಯ. ಅವಳು ಹೇಳಲಿಲ್ಲ, ನಿನ್ನ ಮಾತು ಉಳಿಸಿದಳು. ನಾನು ಯಾವ ಆಣೆಗೂ ಒಳಗಾದವಳಲ್ಲ. ಅವಳ ಮೇಜಿನ ಮೇಲಿದ್ದ ನಿನ್ನ ಕಾಗದಗಳನ್ನೆಲ್ಲ ಓದಿ ನಾನೇ ಹೇಳಿದೆ. ಹನ್ನೆರಡು ವರ್ಷ ಒಂದು ಕಡೆ ಗಂಡ, ಒಂದು ಕಡೆ ತಮ್ಮ, ನಡುವೆ ನಾನು ಎಣ್ಣೆ ಇಲ್ಲದೆ ತಿರುಗಿದ್ದೇನೆ. ಇನ್ನು ನನ್ನ ಕೈಲಾಗುವುದಿಲ್ಲ. ನಿಮ್ಮಿಬ್ಬರಲ್ಲಿ ಯಾರು ದೊಡ್ಡ ಮನಸ್ಸು ಮಾಡುತ್ತೀರಿ ಅಂತ ಕಾದದ್ದೇ ಬಂತು. ದೊಡ್ಡದು ಅಂದರೇನು ಅನ್ನುವುದೇ ನಿಮಗೆ ಗೊತ್ತಿಲ್ಲ ಅಂತ ಈಗ ಗೊತ್ತಾಯಿತು.

ಅವರು ಹೇಗೆ ತೆಗೆದುಕೊಂಡರು ಅಂತ ನಿನಗೆ ತಿಳಿಯಬೇಕಲ್ಲ. ನಾನು ಬಟ್ಟೆ ಮಡಿಸುತ್ತ ಹೇಳಿದೆ. ಕಿಟಕಿಯ ಹತ್ತಿರ ಎದ್ದು ಹೋದರು. ತೆಗೆಯಲೂ ಇಲ್ಲ, ಹಾಕಲೂ ಇಲ್ಲ. ಆಮೇಲೆ ಷೆಡ್ಡಿಗೆ ಹೋಗಿ ಕೆಂಪು ಕಾರಿನೊಳಗೆ ಅರ್ಧ ಗಂಟೆ ಕೂತಿದ್ದರು. ಬಂದು ನನ್ನನ್ನು ಕೇಳಿದ್ದು ಒಂದೇ ಮಾತು: "ಚೀಟಿ ಇನ್ನೂ ಇಟ್ಟುಕೊಂಡಿದ್ದಾನಾ?" ಹೂಂ ಅಂದೆ. "ಅವನು ಅಷ್ಟು ದೂರದಲ್ಲಿ ನಿಂತಿದ್ದ. ಕೇಳಿಸಿರಲ್ಲ ಅಂದ್ಕೊಂಡಿದ್ದೆ" ಅಂದರು. ಅವರು ಅಳುವುದನ್ನು ನಾನು ನೋಡಿರಲಿಲ್ಲ. ಅವತ್ತೂ ನೋಡಲಿಲ್ಲ, ಬೇಕೆಂದೇ ಬಟ್ಟೆ ಮಡಿಸುವುದರಲ್ಲಿದ್ದೆ.

ಓಟದ ದಿನ ಬಾ.

ಅಕ್ಕ


ಮೇ 15

ಅಕ್ಕಾ,

ಎರಡು ಬಸ್ಸು ಬಿಚ್ಚಿಟ್ಟುಕೊಂಡು ಕೂತಿದ್ದೇನೆ, ಓಟಕ್ಕೆ ಬರಲಾಗುವುದಿಲ್ಲ. ಬಸ್ಸಿನದು ನೆವ ಅಂತ ನಿನಗೆ ಗೊತ್ತಾಗುತ್ತದೆ, ಹಾಗಾಗಿ ನಾನೇ ಹೇಳಿಬಿಡುತ್ತೇನೆ. ಆ ನಲವತ್ತು ಜನರೇ ಇರುವ ಜಾಗಕ್ಕೆ ನನಗೆ ಕಾಲು ಬರುವುದಿಲ್ಲ.

ಜೊತೆಯಲ್ಲಿ ಚೀಟಿ ಇದೆ. ಭಾವನಿಗೆ ಕೊಡು. ಬೇರೇನೂ ಹೇಳಬೇಡ.

ತಮ್ಮ


ಜೂನ್ 1

ಪ್ರೀತಿಯ ಮಾವ,

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಕೊನೆಯ ಪುಟಕ್ಕೆ ಹಾರುತ್ತೀರಿ. 17.7 ಸೆಕೆಂಡು. ಮೂರನೇ ಗೇರು. ಗೆರೆಯ ಮೇಲೆ ನೂರ ಇಪ್ಪತ್ತೆರಡು, ಎಂಜಿನ್ ನಿಮಿಷಕ್ಕೆ ಆರು ಸಾವಿರದ ಇನ್ನೂರೈವತ್ತು ಸುತ್ತು. ನಾಲ್ಕನೇ ಗೇರು ಹಾಗೇ ಇತ್ತು, ಮುಟ್ಟಲಿಲ್ಲ.

ನಮ್ಮ ಗುಂಪಿನ ಹನ್ನೊಂದು ಕಾರಿನಲ್ಲಿ ಮೂರನೆಯವಳಾದೆ. ಮೊದಲ ಇಬ್ಬರ ಎಂಜಿನ್ ದೊಡ್ಡದು. ಯಾವ ಅರ್ಥದಲ್ಲಿ ನೋಡಿದರೂ ದೊಡ್ಡದು.

ಬಾವುಟ ಬಿದ್ದಾಗ ಕ್ಲಚ್ಚು ಬಿಟ್ಟೆ ಮಾವ, ಯಾರೋ ಬೆನ್ನಿಗೆ ಕೈಕೊಟ್ಟು ನೂಕಿದ ಹಾಗಾಯಿತು. ಒಂಬತ್ತು ವರ್ಷ ನನ್ನ ಕಾಲು ಬ್ರೇಕು ಹುಡುಕಿದೆ, ಅವತ್ತೂ ಅಭ್ಯಾಸಬಲದಿಂದ ಪಕ್ಕದ ಸೀಟಿನ ಕಡೆ ಬೈಯಲು ತಿರುಗಿದೆ. ಅಲ್ಲಿ ಯಾರೂ ಇರಲಿಲ್ಲ. ಅಷ್ಟು ಸಂತೋಷ ನನಗೆ ಈಚೆಗೆ ಆಗಿರಲಿಲ್ಲ.

ಅಪ್ಪ ಗೆರೆಯ ಹತ್ತಿರ ಕಣ್ಣು ಮುಚ್ಚಿಕೊಂಡು ನಿಂತಿದ್ದರಂತೆ. ಅಮ್ಮ ಹೇಳಿದಳು. ನಾನು ನಾಲ್ಕಕ್ಕೆ ಹಾಕುವ ಸದ್ದು ಬರುತ್ತದೋ ಎಂದು ಕೇಳುತ್ತಿದ್ದರು. ನಾನು ದಾಟಿದ ಮೇಲೆ ಕಣ್ಣು ಬಿಟ್ಟು, "ಮೂರರಲ್ಲೇ ಮುಗೀತು" ಅಂದರು. ನಾನು ಕಾರು ತಿರುಗಿಸಿಕೊಂಡು ಬಂದಾಗ ಒಬ್ಬ ಹಳಬರು ಅಪ್ಪನನ್ನು ಕೇಳುತ್ತಿದ್ದರು, ಈ ಸಲ ಹಲ್ಲು ಆರಿಸಿದ್ದು ಯಾರು ಅಂತ. ಸುತ್ತ ಜನ ಇದ್ದರು. ಅಪ್ಪ ಅಗತ್ಯಕ್ಕಿಂತ ಗಟ್ಟಿಯಾಗಿ ಹೇಳಿದರು: "ನನ್ನ ಹೆಂಡತಿ ತಮ್ಮ. ಹೋದ ಸಲ ನಾನು ಚೀಟಿ ಬರೆದದ್ದೇ ತಪ್ಪು, ಅವನ ಕೆಲಸ ಸರಿಯಾಗೇ ಇತ್ತು."

ನೀವು ಅಲ್ಲಿದ್ದರೆ ತುಟಿ ನೋಡಿ ಓದಬಹುದಿತ್ತು. ಅದಕ್ಕೇ ಬರೆದಿದ್ದೇನೆ.

ನಿಮ್ಮ
ನಟ್ಟಿ


ಜೂನ್ 7

ಹಲ್ಲಿನ ಡಾಕ್ಟರಿಗೆ,

ಹಿಂದೆ ಎರಡು ಪದದಲ್ಲಿ ಮುಗಿಸಲು ಹೋಗಿ ಕೆಟ್ಟೆ. ಈ ಸಲ ಬಿಡಿಸಿ ಬರೆಯುತ್ತೇನೆ.

ಚೀಟಿ ಸಿಕ್ಕಿತು. ನನ್ನದೇ ಅಕ್ಷರ. "ದೊಡ್ಡದು ಹಾಕು" ಅಂತಲೇ ಇದೆ. ಹನ್ನೆರಡು ವರ್ಷ ನಾನು ನನಗೇ ಹೇಳಿಕೊಂಡು ಬಂದದ್ದು, ಅಷ್ಟು ಸ್ಪಷ್ಟವಾಗಿ ಬರೆದುಕೊಟ್ಟಿದ್ದೆ ಅಂತ. ಈಗ ನೋಡಿದರೆ ಅದಕ್ಕಿಂತ ಅಸ್ಪಷ್ಟವಾಗಿ ಯಾರೂ ಬರೆಯಲಾರರು.

ಪದದ ತಪ್ಪು ನಮ್ಮಿಬ್ಬರದು. ಆದರೆ ಆಮೇಲೆ ಅಷ್ಟು ಜನರೆದುರು ಆಡಿದ ಮಾತು ನನ್ನೊಬ್ಬನ ತಪ್ಪು. ನಿನಗೆ ಕೇಳಿಸಿರಲಾರದು ಅಂದುಕೊಂಡಿದ್ದೆ. ಕೇಳಿಸದಿದ್ದರೂ ಆಡಬಾರದ ಮಾತು ಅದು. ಕ್ಷಮಿಸು. ಊಟ ಬಿಟ್ಟು ಕೂತು ಹಾಕಿಕೊಟ್ಟಿದ್ದೆ ಅಂತ ನಿನ್ನ ಕಾಗದ ಓದಿ ತಿಳಿಯಿತು. ಹೌದು, ನಿನ್ನ ಎಲ್ಲ ಕಾಗದಗಳನ್ನೂ ಓದಿದೆ, ಮಗಳು ಕೊಟ್ಟಳು. ನಾಲ್ಕನೇ ಕಾಗದ ವಾಪಸ್ ಕಳಿಸದಿದ್ದರೂ ಪರವಾಗಿಲ್ಲ.

ನಿನ್ನ ಕೈ ಕಾರಿಗೆ ಸೋಕಬಾರದು ಅಂದಿದ್ದೆ. ಆ ಷರತ್ತು ತೆಗೆದಿದ್ದೇನೆ. ಎರಡನೇ ಗೇರಿನಲ್ಲಿ ಹಿಂದಿನಿಂದ ಸಣ್ಣಗೆ ಊಳಿಡುವ ಸದ್ದು ಬರುತ್ತಿದೆ. ಸದ್ದು ನಿನಗೆ ಕೇಳಿಸುವುದಿಲ್ಲ, ಆದರೆ ನೀನು ಕೈ ಇಟ್ಟು ನೋಡಿದರೆ ತಿಳಿಯುತ್ತದೆ. ಇನ್ನೊಂದು ಮಾತು. ನಲವತ್ತೊಂದಕ್ಕೆ ಒಂಬತ್ತು ಹಾಕಿದ್ದರೆ ಅವಳು ಎರಡನೆಯವಳಾಗುತ್ತಿದ್ದಳು ಅಂತ ನನಗೆ ಈಗಲೂ ಅನ್ನಿಸುತ್ತದೆ. ಅಲ್ಲ ಅನ್ನುವುದಾದರೆ ಇಲ್ಲಿಗೇ ಬಂದು ಹೇಳು, ಕಾಗದದಲ್ಲಿ ಜಗಳ ಆಡಿ ಸಾಕಾಗಿದೆ.

ಮುಂದಿನ ಭಾನುವಾರ ಬಾ. ಷೆಡ್ಡಿನ ಮುಂದೆ ಎರಡು ಕುರ್ಚಿ ಹಾಕಿರುತ್ತೇನೆ. ಒಂದರ ಬೆನ್ನು ಎತ್ತರ, ಇನ್ನೊಂದರ ಕೂರುವ ಜಾಗ ಅಗಲ. ದೊಡ್ಡದು ನಿನಗೆ. ಯಾವುದು ದೊಡ್ಡದು ಅಂತ ನೀನೇ ಬಂದು ಬೆರಳು ತೋರಿಸು.

ನಿನ್ನ
ಭಾವ